ಮೂಕಾಂಬಿಕಮ್ಮನ ಎಡಗೈ

ಬಾಳೂರಿನ ಪುರೋಹಿತರಾದ ಗಣಪಯ್ಯನವರು ತಮ್ಮ ಧರ್ಮಪತ್ನಿಗೆ ತಿಳಿಯದಂತೆ ಮಾಡಿದ ಕಾರ್ಯಗಳು ಬಹಳ ಕಡಿಮೆ. ತೊಂಬತ್ತೇಳನೆಯ ಇಸವಿಯ ಮಾಘಮಾಸದಲ್ಲಿ, ಆಕೆ ಉಪನಯನವೊಂದಕ್ಕೆಂದು ಕಳಸಕ್ಕೆ ಹೋಗಿದ್ದಾಗ, ಆಕೆಯ ಹೊಲಿಗೆಯಂತ್ರವನ್ನು ದುರಸ್ತಿ ಮಾಡಿಸಿದ್ದು ಅವುಗಳಲ್ಲಿ ಒಂದು.

ಕಾಲಿನಿಂದ ತುಳಿಯುವ ಆ ಯಂತ್ರ ಮೂಕಾಂಬಿಕಮ್ಮನ ತವರಿನಿಂದ ಬಂದದ್ದು. ಸೂಜಿಯ ಅಡಿಯಲ್ಲಿ ಬಟ್ಟೆಯನ್ನು ಹಿಂದಕ್ಕೆ ಸಾಗಿಸುವ ಪುಟ್ಟ ಹಲ್ಲುಗಳಿರುತ್ತವೆಯಷ್ಟೆ. ಅವು ವರ್ಷಗಳ ದುಡಿಮೆಯಲ್ಲಿ ಸವೆದು ಗಂಧ ತೇಯುವ ಕಲ್ಲಿನಂತೆ ನುಣುಪಾಗಿದ್ದವು. ಬಟ್ಟೆ ತಾನಾಗಿ ಸಾಗುತ್ತಿರಲಿಲ್ಲ. ಆದ್ದರಿಂದ ಆಕೆ ಎಡಗೈಯನ್ನು ಸೂಜಿಯ ಹಿಂದಕ್ಕೆ ಚಾಚಿ, ಬೆರಳ ತುದಿಯಿಂದ ಬಟ್ಟೆಯನ್ನು ಹದವಾಗಿ ಎಳೆಯುತ್ತಲೇ ಹೊಲಿಯುತ್ತಿದ್ದರು. ಊರಿನ ರವಿಕೆಗಳೆಲ್ಲ ಹಾಗೆ ಎಳೆದು ಹೊಲಿದವುಗಳೇ. ಒಂದರ ಹೊಲಿಗೆಯೂ ಸೊಟ್ಟಗಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಮಣಿಕಟ್ಟಿಗೆ ಎಣ್ಣೆ ಸವರಿಕೊಳ್ಳುತ್ತ ಕೂರುವರು. ಏನೆಂದು ಕೇಳಿದರೆ, ಯಂತ್ರಕ್ಕೂ ತನಗೂ ವಯಸ್ಸಾಗಿದೆ, ಒಬ್ಬರಿಗೊಬ್ಬರು ಹೊಂದಿಕೊಂಡಿದ್ದೇವೆ ಎನ್ನುವರು.

ಗಣಪಯ್ಯನವರಿಗೆ ಆ ಎಣ್ಣೆಯ ವಾಸನೆ ಸಹಿಸಲಾಗಲಿಲ್ಲ. ಮೂಡಿಗೆರೆಯಲ್ಲಿ ಹೊಲಿಗೆಯಂತ್ರ ರಿಪೇರಿ ಮಾಡುವ ಗುರುವಯ್ಯನನ್ನು ಜೀಪಿನಲ್ಲಿ ಕರೆತಂದು, ಸವೆದ ಹಲ್ಲು, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಸಡಿಲವಾದ ಬೆಲ್ಟು ಎಲ್ಲವನ್ನೂ ಬದಲಾಯಿಸಿದರು. ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಕುಂಕುಮವಿಟ್ಟು, ದೇವರಿಗೆ ಏರಿಸಿದ ಹೂವೊಂದನ್ನು ಮುಡಿಸಿದರು.

ಮರಳಿ ಬಂದ ಮೂಕಾಂಬಿಕಮ್ಮ, ತನ್ನನ್ನು ಕೇಳದೆ ತನ್ನ ಮಿಷನ್ ಮುಟ್ಟಿದ್ದೇಕೆಂದು ಗದರಿದರು. ಆದರೆ ಅಂದು ರಾತ್ರಿ ಊಟಕ್ಕೆ ಯಾವ ಹಬ್ಬವೂ ಇಲ್ಲದೆ ಕಡಲೆಬೇಳೆ ಬೆಲ್ಲದ ಹಯಗ್ರೀವವಿತ್ತು.

ಮರುದಿನ ಪಕ್ಕದ ಎಸ್ಟೇಟಿನ ಸರ್ವಮಂಗಳಮ್ಮ ರೇಷ್ಮೆಯ ತುಂಡೊಂದನ್ನು ತಂದರು. ಅವರ ಮಗಳು ಧನ್ಯಾಳ ನಿಶ್ಚಿತಾರ್ಥ ಶುಕ್ರವಾರ. ಅದು ತೀರಿಕೊಂಡ ಅಜ್ಜಿಯ ಧಾರೆಸೀರೆಯಿಂದ ಕತ್ತರಿಸಿದ್ದು; ಉಳಿದ ಭಾಗವೆಲ್ಲ ಜೀರ್ಣವಾಗಿತ್ತು, ಈ ತುಂಡು ಒಂದು ರವಿಕೆಗಷ್ಟೇ ಸಾಲುವಂತಿತ್ತು. ಅಜ್ಜಿ ಬರಲಾರರು, ಅವರ ಸೀರೆಯಾದರೂ ಮಗುವಿನ ಮೈಮೇಲೆ ಬರಲಿ ಎಂದು ಹೇಳುವಾಗ ಸರ್ವಮಂಗಳಮ್ಮನ ಕಣ್ಣು ಒದ್ದೆಯಾಗಿತ್ತು.

ಮೂಕಾಂಬಿಕಮ್ಮ ಅಳತೆಯಿಟ್ಟು ಕತ್ತರಿಸಿ, ಯಂತ್ರದ ಮುಂದೆ ಕೂತು, ಮೊದಲ ಪಕ್ಕವನ್ನು ಹೊಲಿಯತೊಡಗಿದರು. ಹೊಲಿಗೆ ಒಮ್ಮೆ ಉದ್ದುದ್ದ ಹಾರಿತು, ಒಮ್ಮೆ ಪಕ್ಕಕ್ಕೆ ಜಾರಿತು. ಕೊನೆಗೆ ಸೂಜಿ ಬಾಗಿ ತಗಡಿಗೆ ತಾಗಿ ಮುರಿಯಿತು. ಬಿಚ್ಚಿದರೆ ರೇಷ್ಮೆಯಲ್ಲಿ ಸೂಜಿಯ ತೂತುಗಳ ಸಾಲು. ಸೂಜಿ ಬದಲಿಸಿ ಎರಡನೆಯ ಸಲ ಕೂತರು. ಮತ್ತೆ ಅದೇ. ಈಗ ತೂತುಗಳ ಒಳಬದಿಗೆ ಇನ್ನೊಂದೇ ಹೊಲಿಗೆ ಹಿಡಿಯುವಷ್ಟು ಸ್ಥಳ ಉಳಿದಿತ್ತು. ಆಕೆ ರೇಷ್ಮೆಯನ್ನು ಮಡಿಪಂಚೆಯಲ್ಲಿ ಸುತ್ತಿ ದೇವರ ಮುಂದಿಟ್ಟರು.

“ನನ್ನ ಕೈ ಹೋಯ್ತು ಇವರೇ,” ಎಂದರು. “ಆ ಮಗುವಿಗೆ ಏನಂತ ಹೇಳಲಿ?”

ದೋಷ ಯಂತ್ರದ್ದೇ ಎಂದು ಗಣಪಯ್ಯನವರು ನಿಶ್ಚಯಿಸಿ, ಅಂಚೆಮನೆಯ ಫೋನಿನಿಂದ ಗುರುವಯ್ಯನಿಗೆ ಹೇಳಿಕಳಿಸಿದರು. ಅವನು ಮಧ್ಯಾಹ್ನದ ಜೀಪಿಗೆ ಬಂದಿಳಿದ.

“ಭಟ್ರೇ, ನಿಮ್ಮ ಮಂತ್ರ ತಪ್ಪಿದ್ರೆ ದೇವರು ಸುಮ್ಮನಿರ್ತಾನೆ. ನನ್ನ ಸ್ಕ್ರೂ ತಪ್ಪಿದ್ರೆ ಅಮ್ಮ ಸುಮ್ಮನಿರ್ತಾರಾ? ನೋಡಿಯೇ ಬಿಗಿದದ್ದು ಮಾರಾಯ್ರೇ,” ಎನ್ನುತ್ತ ಹಳೆಯ ಟವೆಲೊಂದನ್ನು ಸೂಜಿಯ ಕೆಳಗಿಟ್ಟು ತುಳಿದ. ಹೊಲಿಗೆ ಗೆರೆ ಎಳೆದಂತೆ ಬಂತು.

ಮೂಕಾಂಬಿಕಮ್ಮನ ಮುಖ ಸಣ್ಣದಾಯಿತು. ಯಂತ್ರ ಸರಿಯಿದ್ದರೆ ಕೆಟ್ಟದ್ದು ತಾನೇ ಎಂದಾಯಿತಲ್ಲ. ಆದರೂ ಹೊಲಿಗೆಯ ಮೇಲಿನ ಆಸೆಯಿಂದ ಬಗ್ಗಿ, ಮತ್ತೊಮ್ಮೆ ತುಳಿ ಎಂದು ಅವನಿಗೆ ಹೇಳಿ ನೋಡಿದರು. ಬಹಳ ಹೊತ್ತು ನೋಡಿದರು.

“ಗುರುವಯ್ಯ, ನಿನ್ನ ಎಡಗೈ ಮುಂದೆ ಉಂಟು.”

“ಮತ್ತೆಲ್ಲಿರಬೇಕಮ್ಮ?”

“ನನ್ನದು ಹಿಂದೆ ಇರ್ತದೆ. ಹಲ್ಲೂ ಎಳೀತದೆ, ನಾನೂ ಎಳೀತೇನೆ.”

ಕಾರಣ ತಿಳಿಯಿತು, ಆದರೆ ತಿಳಿದಷ್ಟರಿಂದ ಕೈ ಕೇಳಲಿಲ್ಲ. ಟವೆಲನ್ನು ಇಟ್ಟು, ಎಡಗೈಯನ್ನು ಮುಂದೆಯೇ ಇರಿಸಿಕೊಂಡು ತುಳಿದರು. ಒಂದು ಗೇಣು ಹೊಲಿಗೆ ಸಾಗುವಷ್ಟರಲ್ಲಿ ಆ ಕೈ ಕಳ್ಳಬೆಕ್ಕಿನ ಹಾಗೆ ಸೂಜಿಯನ್ನು ಬಳಸಿ ಹಿಂದಕ್ಕೆ ಹೋಗಿ ಎಳೆಯತೊಡಗಿತ್ತು. ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟರೆ, ಸೆರಗನ್ನೂ ಬಿಡಿಸಿಕೊಂಡು ಹೊರಟಿತು. ಗುರುವಯ್ಯ ನಕ್ಕುಬಿಟ್ಟ, ಆಕೆಯ ಕಣ್ಣು ನೋಡಿ ನಗೆ ನುಂಗಿಕೊಂಡ. ಹಳೆಯ ಹಲ್ಲು ತನ್ನ ಡಬ್ಬಿಯಲ್ಲೇ ಇದೆ, ಈಗಲೇ ಹಾಕಿಕೊಡುತ್ತೇನೆ, ರವಿಕೆ ಮುಗಿದ ಮೇಲೆ ನಿಧಾನವಾಗಿ ಹೊಸದನ್ನು ರೂಢಿಸಿಕೊಳ್ಳಬಹುದು ಎಂದ.

“ಹಾಕು,” ಎಂದರು ಮೂಕಾಂಬಿಕಮ್ಮ. “ನೋವಾದ್ರೂ ಹೊಲಿಗೆ ನೇರ ಬರ್ತದೆ.”

ಗುರುವಯ್ಯ ಸ್ಕ್ರೂಡ್ರೈವರ್ ತೆಗೆದ. ಗಣಪಯ್ಯನವರು ಅವನನ್ನು ತಡೆದರು. ಗಡಿಗೆಯನ್ನು ಇಳಿಸಿದ ಮೇಲೂ ಕುಂಬಾರನ ಚಕ್ರ ತಿರುಗುತ್ತಲೇ ಇರುತ್ತದೆ ಎಂಬುದನ್ನು ಅವರು ಶಿಷ್ಯರಿಗೆ ಎಷ್ಟೋ ಸಲ ಪಾಠ ಹೇಳಿದ್ದರು. ಬೇರೆಡೆ ಮಂತ್ರವನ್ನು ತಪ್ಪು ಸ್ವರದಲ್ಲಿ ಕಲಿತು ಬಂದವರಿಗೆ, ಇಲ್ಲಿ ಏರಿಸಬೇಡ ಎಂದು ಬಾಯಲ್ಲಿ ಹೇಳಿ ಫಲವಿಲ್ಲವೆಂಬುದೂ ಅವರ ಅನುಭವ. ಅಂಥವರ ತಲೆಯ ಮೇಲೆ ಅಂಗೈಯಿಟ್ಟು ಕೂರುತ್ತಿದ್ದರು. ಏರಬಾರದ ಕಡೆ ಸ್ವರದೊಡನೆ ತಲೆಯೂ ಏರಹೋದಾಗ ಆ ಅಂಗೈ ಅಲ್ಲಿರುತ್ತಿತ್ತು, ಅಷ್ಟೆ. ಅವರು ತಾವು ಕೂತಿದ್ದ ಮಣೆಯನ್ನು ಬಿಟ್ಟು ಎದ್ದು, ಸ್ಟೂಲೊಂದನ್ನು ಎಳೆದು ಹೆಂಡತಿಯ ಎಡಕ್ಕೆ ಹಾಕಿಕೊಂಡು ಕೂತರು.

“ಕೈ ಕೊಡು.”

ಮೂಕಾಂಬಿಕಮ್ಮ ಬೆದರಿದರು. ಆ ಮನೆಯಲ್ಲಿ ಗಣಪಯ್ಯನವರು ಇನ್ನೊಬ್ಬರ ಎದುರಿಗೆ ಪತ್ನಿಯ ಹತ್ತಿರ ಕೂತದ್ದು ಹೋಮಕುಂಡದ ಮುಂದೆ ಮಾತ್ರ.

“ಗುರುವಯ್ಯ ಇದ್ದಾನೆ,” ಎಂದು ಪಿಸುಗುಟ್ಟಿದರು.

“ಅವತ್ತು ಅಗ್ನಿ ಸಾಕ್ಷಿ. ಇವತ್ತು ಗುರುವಯ್ಯ.”

“ಅವತ್ತು ಹಿಡಿದದ್ದು ಬಲಗೈ.”

“ಅದಕ್ಕೇ ಇದೊಂದು ಬಾಕಿ ಉಳಿದದ್ದು.”

ಗುರುವಯ್ಯ ಅಂಗಳದ ಕಡೆ ತಿರುಗಿ, ಬೀಡಿಗೆಂದು ಜೇಬು ತಡಕಿ, ಭಟ್ಟರ ಮನೆಯೆಂದು ನೆನಪಾಗಿ ಸುಮ್ಮನೆ ನಿಂತ.

ಮೊದಲು ಟವೆಲು. ಬಲಗೈಯೊಂದೇ ಬಟ್ಟೆಗೆ ದಾರಿ ತೋರಿತು. ಎಡಗೈ ಗಣಪಯ್ಯನವರ ಎರಡೂ ಅಂಗೈಗಳ ನಡುವೆ ಹಗ್ಗ ಜಗ್ಗುವ ಕರುವಿನಂತೆ ಮಿಡುಕಾಡಿತು. ಅವರು ಒತ್ತಲಿಲ್ಲ, ಬಿಡಲೂ ಇಲ್ಲ. ಇಷ್ಟು ವರ್ಷ ದೂರದಿಂದ ಕೇಳಿದ್ದ ದುಡಿಮೆ ಆ ಬೆರಳುಗಳಲ್ಲಿ ಪ್ರತಿ ಹೊಲಿಗೆಗೂ ಒಂದು ಸೆಳೆತವಾಗಿ ತಮ್ಮ ಅಂಗೈಗೆ ತಾಗುವುದನ್ನು ಅವರು ಬೆರಗಿನಿಂದ ಅನುಭವಿಸಿದರು. ಟವೆಲಿನ ನಾಲ್ಕನೆಯ ಅಂಚಿಗೆ ಬರುವಾಗ ಸೆಳೆತ ಮೆತ್ತಗಾಗಿತ್ತು.

ಆಮೇಲೆ ರೇಷ್ಮೆ. ತೂತುಗಳ ಸಾಲನ್ನು ಬಿಟ್ಟು, ಉಳಿದಿದ್ದ ಇಕ್ಕಟ್ಟಿನ ಅಂಚಿನಲ್ಲಿ ಸೂಜಿ ಇಳಿಯಿತು. ಯಂತ್ರದ ಪಾದದ ಕೆಳಗಿಂದ ಅಜ್ಜಿಯ ಸೀರೆ ತಾನಾಗಿ, ಯಾರೂ ಎಳೆಯದೆ, ನೇರವಾಗಿ ನಡೆದುಹೋಯಿತು. ಒಂದು ಪಕ್ಕ, ಇನ್ನೊಂದು ಪಕ್ಕ, ಎರಡು ಭುಜ. ಉಳಿದದ್ದು ತೋಳುಗಳು, ಕಂಕುಳ ಸುತ್ತು ತಿರುಗಿಸಿ ಕೂರಿಸುವ ಕೆಲಸ.

“ತೋಳಿಗೆ ಎರಡೂ ಕೈ ಬೇಕು. ಬಿಡಿ ಈಗ,” ಎಂದರು ಮೂಕಾಂಬಿಕಮ್ಮ.

“ಎಳೆಯೋದಿಲ್ಲ ತಾನೇ?”

“ಎಳೆದ್ರೆ ಮತ್ತೆ ಹಿಡೀರಿ.”

ಗಣಪಯ್ಯನವರು ಕೈ ಬಿಟ್ಟರು. ಸ್ಟೂಲನ್ನು ಮಾತ್ರ ಸರಿಸಲಿಲ್ಲ.