ಅತ್ತೆ ಪೋಣಿಸಿದ ಸೂಜಿಗಳು

ಕಿಟಕಿಯ ಹಲಗೆಯ ಮೇಲೆ ರಸ್ಕು ಇವತ್ತೂ ಹಾಗೇ ಬಿದ್ದಿದೆ, ಕಾಗದದ ಚೂರಿನ ಮೇಲೆ, ಪಕ್ಕದಲ್ಲಿ ಅತ್ತೆಯ ಟೀ ಲೋಟ ಖಾಲಿ, ಮೊದಲೆಲ್ಲ ಅದರ ತಳದಲ್ಲಿ ನೆನೆದ ರಸ್ಕಿನ ಚೂರು ಉಳಿದಿರುತ್ತಿತ್ತು, ಈಗ ಬರೀ ಟೀ ಕುಡಿದು ಲೋಟ ಇಟ್ಟುಬಿಡುತ್ತಾರೆ — ಹಲ್ಲು ನೋವೇ, ಹಲ್ಲು ನೋಯುವವರು ಅದ್ದಿಕೊಂಡು ಮೆತ್ತಗೆ ಮಾಡಿ ತಿನ್ನಬೇಕಲ್ಲ, ಇವರು ನೋಡಿದರೆ ಮಧ್ಯಾಹ್ನ ಕೈಹೊಲಿಗೆಯೆಲ್ಲ ಮುಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತು ಅದೇ ಒಣ ರಸ್ಕನ್ನು ಕಟಕಟ ಕಡಿಯುತ್ತಾರೆ, ಕೇಳಿದರೆ ನನ್ನ ಹಲ್ಲು ನನ್ನ ರಸ್ಕು ನಿನಗೇನು ಅನ್ನುತ್ತಾರೆ, ಸರಿ, ವಯಸ್ಸಿನ ಹಟ, ಎಂದುಕೊಂಡು ಸೊಸೆ ಸೂಜಿದಿಂಬಿನಿಂದ ಇನ್ನೊಂದು ಸೂಜಿ ಕಿತ್ತುಕೊಂಡಳು, ದಾರ ಪೋಣಿಸಿಯೇ ಇರುವ ಸೂಜಿ, ದಿಂಬಿನ ತುಂಬ ಅಂಥವೇ, ಬಾಲ ಇಳಿಬಿಟ್ಟುಕೊಂಡು ನಿಂತಿವೆ, ಒಂದರ ದಾರ ತೀರಿದರೆ ಅತ್ತೆ ಎದುರಿನ ಸ್ಟೂಲಿನಿಂದ ಕೈಚಾಚಿ ಇಸಿದುಕೊಳ್ಳುತ್ತಾರೆ, ದಾರದ ತುದಿಯನ್ನು ತುಟಿಗಳ ನಡುವೆ ಇಟ್ಟು ಒದ್ದೆ ಮಾಡಿ ಚೂಪು ಮಾಡಿ, ಆಪರೇಷನ್ ಆದ ಹೊಸ ಕಣ್ಣನ್ನು ಕಿರಿದುಗೊಳಿಸಿ ಒಂದೇ ಏಟಿಗೆ ಪೋಣಿಸುತ್ತಾರೆ, ಸೊಸೆ ಮಾತ್ರ ದಾರಕ್ಕೆ ತುಟಿ ತಾಗಿಸುವ ಹಾಗಿಲ್ಲ, ಅದು ಅತ್ತೆ ಮಾಡಿದ ಕಾನೂನು. ನೀಲಿ ರೇಷ್ಮೆ ತೊಡೆಯ ಮೇಲೆ ಜಾರುತ್ತಿದೆ, ಹಾಡುಗಾರ್ತಿಯೊಬ್ಬಳು ವೇದಿಕೆಗೆ ಹಾಕಿಕೊಳ್ಳುವ ಉಡುಪು, ಕೊರಳ ಸುತ್ತ ಗಾಜಿನ ಮಣಿ, ಒಂದೊಂದು ಮಣಿಗೂ ಒಂದೊಂದು ಗಂಟು, ಗಂಟು ಬಿಗಿದು ದಾರವನ್ನು ಹಲ್ಲಿನಿಂದ ಕಡಿದಳು, ಕತ್ತರಿ ಮೊಣಕಾಲ ಪಕ್ಕದಲ್ಲೇ ಇದೆ, ಆದರೂ ಹಲ್ಲೇ ಮೊದಲು ಹೋಗುತ್ತದೆ, ಮನಸ್ಸು ಇಲ್ಲಿದ್ದರೆ ತಾನೆ, ಗಂಡ ರಕ್ತದ ವರದಿ ತರಲು ಹೋಗಿ ಎಷ್ಟು ಹೊತ್ತಾಯಿತು, ಫೋನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುಮ್ಮನಂತೆ ಕೂತಿದೆ.

ರಕ್ತದಲ್ಲಿ ಏರಿರುವ ಅಂಕಿ ಈ ಸಲವೂ ಇಳಿಯದಿದ್ದರೆ ಬೇರೆ ಔಷಧಿಗೆ ಹೋಗಬೇಕಾಗುತ್ತೆ, ಅದು ಜೋರು ಔಷಧಿ, ಅಂದಿದ್ದರು ಡಾಕ್ಟರಮ್ಮ, ಜೋರು ಅಂದರೆ ಎಷ್ಟು ಜೋರು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ, ಗೋಧಿ ಬಿಟ್ಟಾಗಿತ್ತು, ಗೋಧಿಯಲ್ಲಿರುವ ಗ್ಲುಟನ್ ಎನ್ನುವ ಆ ಅಂಟು ನಿಮ್ಮ ಕರುಳಿಗೆ ಆಗದು, ಒಂದು ಚಿಟಿಕೆಯೂ ಆಗದು ಎಂದ ದಿನದಿಂದಲೇ ಬ್ರೆಡ್ಡು ಬಿಟ್ಟಳು, ಬಿಸ್ಕತ್ತು ಬಿಟ್ಟಳು, ತನ್ನ ಪಾತ್ರೆ ಬೇರೆ, ತನ್ನ ಸ್ಪಂಜು ಬೇರೆ, ಆದರೂ ಹೊಟ್ಟೆ ಉಬ್ಬರ ನಿಲ್ಲಲಿಲ್ಲ, ಕೂದಲು ಬಾಚಣಿಗೆಗೆ ಬಂತು, ರವಿಕೆ ತೋಳಿನಲ್ಲಿ ಎರಡು ಬೆರಳು ಸಡಿಲ, ಅತ್ತೆ ಅವಳನ್ನು ಕಡ್ಡಿ ಎಂದು ಕರೆಯಲು ಶುರು ಮಾಡಿದ್ದೂ ಆಗಲೇ, ಏ ಕಡ್ಡಿ ಊಟಕ್ಕೆ ಬಾರೇ, ಗಂಡನಂತೂ ಒಂದು ಸಂಜೆ ಮುಖ ಬೇರೆ ಕಡೆ ಮಾಡಿ ಕೇಳಿದ, ಕದ್ದುಮುಚ್ಚಿ ಏನಾದ್ರೂ ತಿಂತಿದ್ದೀಯಾ, ಬೈಯಲ್ಲ, ಹೇಳು — ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು, ಬೈದಿದ್ದರೇ ವಾಸಿಯಿತ್ತು, ಆಮೇಲೆ ಅವಳಿಗೆ ತನ್ನ ಮೇಲೇ ಅನುಮಾನ, ನಿದ್ದೆಯಲ್ಲಿ ಎದ್ದು ತಿನ್ನುತ್ತೇನೇನೋ ಎಂಬಷ್ಟು, ಅನ್ನ ಕಂಡರೂ ಭಯ, ತಟ್ಟೆ ದೂಡುತ್ತಿದ್ದಳು. ಆಗಲೇ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದು, ಒಂದು ಕಣ್ಣಿಗೆ ಪಟ್ಟಿ, ಹೊಲಿಯಬೇಡಿ, ಟೀವಿ ಬೇಡ, ಸುಮ್ಮನೆ ಕೂತಿರಿ ಅಂದರು, ಸುಮ್ಮನೆ ಕೂರುವುದು ಅವರ ಜಾತಕದಲ್ಲೇ ಇಲ್ಲ, ಇದೇ ಸ್ಟೂಲಿನ ಮೇಲೆ ಕೂತು ಉಳಿದ ಒಂದು ಕಣ್ಣನ್ನೂ ಸೊಸೆಯ ಮೇಲೇ ನೆಟ್ಟರು, ಬೆಳಗ್ಗೆಯಿಂದ ಮಧ್ಯಾಹ್ನದ ತನಕ, ಅತ್ತೆ ಹೀಗೆ ನೋಡಬೇಡಿ ಹೊಲಿಗೆ ತಪ್ಪುತ್ತೆ ಎಂದರೂ ಬಿಡಲಿಲ್ಲ, ಕೊನೆಗೆ ಒಂದು ದಿನ ಎಲೇ ಕಡ್ಡಿ, ಆ ಕ್ರೀಮು ಯಾತಕ್ಕೆ ಬಳ್ಕೊಳ್ತೀ ಅಂದರು, ಯಾತಕ್ಕೆ ಅಂದರೆ, ನಿಮಗೆ ಗೊತ್ತಿಲ್ಲವೇ ಅತ್ತೆ, ಬೆರಳು ಒರಟಾದರೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಗಂಟೆಗೊಮ್ಮೆ ಕೈಗೆ ಕ್ರೀಮು, ಹಚ್ಚಿದೆ ಅಂತಿಟ್ಕೋ, ಆಮೇಲೆ ಏನು ಮಾಡ್ತೀ, ಆಮೇಲೆ ದಾರ ಎತ್ತಿಕೊಳ್ಳುತ್ತೇನೆ, ಎತ್ತಿಕೊಂಡು, ಎತ್ತಿಕೊಂಡು ತುದಿಯನ್ನು — ಅವಳ ಬೆರಳು ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು, ತುಟಿಯಲ್ಲಿ ದಾರದ ತುದಿ, ದಿನಕ್ಕೆ ಎಷ್ಟು ಸಲ, ನೆಕ್ಕಿ ಚೂಪು ಮಾಡಿ, ಈ ಕೆಲಸ ಕಲಿಸಿದವರೇ ಅತ್ತೆ, ಮದುವೆಯಾಗಿ ಬಂದ ಹೊಸದರಲ್ಲಿ, ನಾಲಿಗೆ ಇರೋದು ಮಾತಾಡೋಕೆ ಮಾತ್ರ ಅಲ್ಲ ಅಂತ.

ಭೂತಗನ್ನಡಿ ಹಿಡಿದು ಟ್ಯೂಬಿನ ಬೆನ್ನು ಓದಿದಾಗ, ಇರುವೆ ಸಾಲಿನಂಥ ಅಕ್ಷರಗಳ ನಡುವೆ ಗೋಧಿಯ ಪ್ರೋಟೀನು ಉದ್ದನೆಯ ಹೆಸರು ಹೊದ್ದುಕೊಂಡು ಮಲಗಿತ್ತು, ಕಂಪನಿಗೆ ಫೋನು ಮಾಡಿದರೆ ಹುಡುಗಿಯೊಬ್ಬಳು ಹೌದು ಮೇಡಂ ಚರ್ಮ ನಯವಾಗೋಕೆ ಹಾಕ್ತೀವಿ ಎಂದು ಜೇನಿನಂಥ ದನಿಯಲ್ಲಿ ಹೇಳಿದಳು, ಡಾಕ್ಟರಮ್ಮನೂ ಮೊದಲೇ ಕೇಳಿದ್ದರು, ಬಾಯಿಗೆ ಹೋಗುವಂಥದ್ದು ಇನ್ನೇನಾದ್ರೂ ಹಚ್ಚುತ್ತೀರಾ, ಇವಳು ಲಿಪ್‌ಸ್ಟಿಕ್ ಹಾಕುವವಳಲ್ಲ, ಇಲ್ಲ ಎಂದುಬಿಟ್ಟಿದ್ದಳು, ಕೈಯ ವಿಷಯ ಯಾರಿಗೆ ಹೊಳೆಯಬೇಕು, ಈಗ ಹೋಗಿ ಹೇಳಿದಾಗ ಅವರು ಚರ್ಮಕ್ಕೆ ಹಚ್ಚಿದ್ದು ಚರ್ಮದ ಮೇಲೇ ಇದ್ದರೆ ಭಯವಿಲ್ಲ, ಬಾಯಿಗೆ ದಾರಿ ಸಿಕ್ಕರೆ ಕಷ್ಟ, ಸರಿಯಾದ ದಾರಿಯನ್ನೇ ಹಿಡಿದಿದ್ದೀರಿ ಎಂದು ನಕ್ಕರು. ಆದರೆ ಆ ದಿನದ ಅತ್ತೆಯನ್ನು ನೋಡಬೇಕಿತ್ತು, ಪಟ್ಟಿ ಕಟ್ಟಿದ ಕಣ್ಣು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮನೆಯಲ್ಲಿದ್ದ ಬಾಟಲಿ ಟ್ಯೂಬು ಡಬ್ಬಿ ಎಲ್ಲವನ್ನೂ ಕತ್ತರಿಸುವ ಮೇಜಿನ ಮೇಲೆ ಕಳ್ಳರನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದರು, ಓದೇ ಇದನ್ನ, ಶಾಂಪೂ, ತಲೆಗೆ ಸುರಿದದ್ದು ತುಟಿ ದಾಟಿಕೊಂಡೇ ಇಳಿಯೋದು, ಆಚೆಗಿಡು, ಹಲ್ಲುಜ್ಜೋ ಪೇಸ್ಟು, ಇದು ಸಾಧು, ಒಳಗಿಡು, ನನ್ನ ತುಟಿ ಒಡೆದರೆ ಹಚ್ಚೋ ಈ ಕಡ್ಡಿ, ಗೋಧಿ ಎಣ್ಣೆಯಂತೆ, ಅಯ್ಯೋ ಪಾಪಿ, ಆಮೇಲೆ ಕೆಲಸದಿಂದ ಬಂದ ಮಗ, ಲಿಫ್ಟು ರಿಪೇರಿ ಮಾಡುವವನು, ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗಲೇ ಕೇಳಿದರು, ನಿನ್ನ ಮೀಸೆಗೆ ಏನು ಹಚ್ತೀಯೋ. ಮೇಣ ಹಚ್ತೀನಮ್ಮ, ಯಾಕೆ. ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ, ಡಬ್ಬಿ ತಾ ಇಲ್ಲಿ. ಅವನ ಕಿವಿ ಕೆಂಪಾಯಿತು, ಸೊಸೆ ನಗು ತಡೆಯಲಾರದೆ ರೇಷ್ಮೆಯಲ್ಲಿ ಮುಖ ಮುಚ್ಚಿಕೊಂಡಳು, ಎಷ್ಟು ಕಾಲವಾಗಿತ್ತು ಹಾಗೆ ನಕ್ಕು, ಅಂದು ರಾತ್ರಿ ಅವನು ಮೀಸೆ ಬೋಳಿಸಿಕೊಂಡು ಬಂದು ಅಪರಾಧಿಯಂತೆ ನಿಂತ, ಅವಳ ಎದೆಯ ಆ ಮುಳ್ಳು ಅರ್ಧ ಅಲ್ಲೇ ಉದುರಿತು. ಕದ್ದು ತಿಂತಿದ್ದಾಳೆ ಅಂತ ನೀವೂ ಅಂದುಕೊಂಡಿದ್ದಿರಾ ಅತ್ತೆ, ಎಂದು ಒಮ್ಮೆ ಕೇಳಿದ್ದಳು, ನಿನ್ನ ಗಂಟು ನೋಡಿದ್ದೀನಿ ಕಣೇ, ಒಳಗೆ ಯಾರಿಗೂ ಕಾಣದ ಕಡೆಯೂ ಎರಡು ಸಲ ಬಿಗೀತೀಯ, ಅಂಥವಳು ಕದ್ದು ತಿಂತಾಳಾ, ಅಷ್ಟೇ ಹೇಳಿದ್ದು, ಹೇಳಿ ಎದ್ದು ಹೋಗಿದ್ದರು, ಹೊಗಳಿಕೆ ಅವರ ಬಾಯಿಗೆ ಒಗ್ಗುವುದಿಲ್ಲ, ಆ ಒಂದು ಮಾತನ್ನು ಇವಳು ಇವತ್ತಿಗೂ ಮಡಿಚಿ ಇಟ್ಟುಕೊಂಡಿದ್ದಾಳೆ, ಇಂಥ ಹೆಂಗಸನ್ನು ಮೆಚ್ಚದೆ ಇರುವುದಾದರೂ ಹೇಗೆ.

ಫೋನು ಮೇಜಿನ ಮೇಲೆ ಗುರ್ರೆನ್ನುತ್ತದೆ, ಮಣಿಗಳ ಬಟ್ಟಲು ಅಲುಗಿತು, ಇಳಿದಿದೆ ಕಣೇ, ಗಂಡನ ದನಿ, ಹಿಂದೆ ಬಸ್ಸಿನ ಹಾರನ್ನು, ಅರ್ಧಕ್ಕಿಂತ ಕೆಳಗೆ ಇಳಿದಿದೆ, ಡಾಕ್ಟರಮ್ಮ ಇದೇ ದಾರೀಲಿ ಹೋಗಲಿ, ಬೇರೆ ಔಷಧಿ ಬೇಡ ಅಂದ್ರು, ಕೇಳಿಸ್ತಾ, ಕೇಳಿಸಿತು, ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು, ಆಮೇಲೆ ಅವನು ಸಣ್ಣಗೆ, ನಾನು ಹಾಗೆ ಕೇಳಬಾರದಿತ್ತು ಕಣೇ, ಇರಲಿ, ಬೇಗ ಬನ್ನಿ, ಎಂದಳು. ಇಳಿದಿದೆಯಂತೆ ಅತ್ತೆ, ಎಂದಾಗ ಅತ್ತೆ ಹೂಂ ಎಂದರು, ಅಷ್ಟೇ, ಬಿಟ್ಟ ಉಸಿರು ಮಾತ್ರ ಉದ್ದವಾಗಿತ್ತು, ಮತ್ತೆ ಖಾಲಿ ಸೂಜಿಗೆ ಕೈಚಾಚಿದರು, ಅತ್ತೆ ಇವತ್ತಾದರೂ ಬಿಸಿ ಟೀ ಮಾಡುತ್ತೇನೆ, ರಸ್ಕು ಅದ್ದಿಕೊಂಡು ತಿನ್ನಿ, ಎಂದು ಏಳುತ್ತಾ, ಗಂಟು ಹಾಕಿದ್ದ ದಾರವನ್ನು ಹಲ್ಲಿನಿಂದ ಕಡಿದಳು, ಅತ್ತೆ ಅದನ್ನೇ ನೋಡುತ್ತಿದ್ದರು. ನೋಡು, ಈಗಲೂ ಕಡಿದೆ, ಅಂದರು, ಕತ್ತರಿ ತಗೋ ಅಂದ್ರೆ ತಗೋತೀಯಾ, ನಾನೇ ಕಲಿಸಿದ ಚಾಳಿ, ಬಿಡು ಅಂದ್ರೆ ಬಿಡುತ್ತಾ, ನಾನು ಬಾಯಲ್ಲಿ ರಸ್ಕು ಇಟ್ಕೊಂಡು ದಾರ ಒದ್ದೆ ಮಾಡಿದ್ರೆ ಅದು ನೆಟ್ಟಗೆ ನಿನ್ನ ಹಲ್ಲಿಗೇ ಬರುತ್ತೆ, ಸೂಜಿ ಕೆಲಸ ಮುಗೀಲಿ, ಆಮೇಲೆ ತಿಂತೀನಿ, ರಸ್ಕೇನು ಓಡಿಹೋಗುತ್ತಾ. ಅವಳು ನಿಂತಲ್ಲೇ ನಿಂತಳು — ಹಲ್ಲು ನೋವಲ್ಲ, ಹಟವಲ್ಲ, ಇಷ್ಟು ದಿನವೂ ಬೆಳಗ್ಗೆ ಬಾಯಿ ತೊಳೆದುಕೊಂಡು ಬಂದು, ಬರೀ ಟೀ ಕುಡಿದು, ಪ್ರೀತಿಯ ರಸ್ಕನ್ನು ಕಣ್ಣೆದುರೇ ಇಟ್ಟುಕೊಂಡು, ಮಧ್ಯಾಹ್ನ ಒಣ ಒಣ ಕಡಿದು, ಒಂದು ಮಾತೂ ಆಡದೆ — ಏನು ನೋಡ್ತೀಯೇ ಕಡ್ಡಿ, ಕೂತ್ಕೋ, ಮಣಿ ಇನ್ನೂ ಅರ್ಧ ಇದೆ — ಕೂತಳು, ನೀಲಿ ರೇಷ್ಮೆ ಕಣ್ಣೆದುರು ಕಲಸಿಹೋಯಿತು, ಕಾಣುವುದು ಒಂದೇ, ಎದುರಿನ ಸ್ಟೂಲು, ಕಿರಿದು ಮಾಡಿದ ಆ ಹೊಸ ಕಣ್ಣು, ಅತ್ತೆಯ ತುಟಿಗಳು, ತುಟಿಗಳ ನಡುವೆ ದಾರದ ತುದಿ, ಒದ್ದೆಯಾಗಿ, ಚೂಪಾಗಿ, ದಾರದ ತುದಿ