ಮಲೇರ್‌ಕೋಟ್ಲಾದ ಢೋಲು

ನಾನು ಒಂದು ಢೋಲು. ಪಂಜಾಬಿನ ಮಲೇರ್‌ಕೋಟ್ಲಾದಲ್ಲಿ ಬಡಗಿಯೊಬ್ಬ ಮಾವಿನ ದಿಮ್ಮಿ ಕೊರೆದು ನನ್ನ ಒಡಲು ಮಾಡಿದ. ಎರಡೂ ಬಾಯಿಗೆ ಆಡಿನ ಚರ್ಮ ಬಿಗಿದ. ಒಂದು ಕಡೆ ದಪ್ಪ ದನಿ, ಇನ್ನೊಂದು ಕಡೆ ಚುರುಕು ದನಿ. ನನ್ನನ್ನು ಕೊಂಡವನು ಸಾದಿಕ್, ತಲೆತಲಾಂತರದಿಂದ ಢೋಲು ಬಾರಿಸುವ ಮನೆಯವನು. ಅವನ ಹೊಟ್ಟೆಗೆ ಒರಗಿಕೊಂಡೇ ನಾನು ಲೋಕ ನೋಡಿದೆ.

ಆಗ ಗೋಧಿ ಕೊಯ್ಲಿಗೆ ನಾನು ಬೇಕಾಗಿತ್ತು. ನನ್ನ ತಾಳಕ್ಕೆ ಸರಿಯಾಗಿ ಕುಡುಗೋಲುಗಳು ಓಡುತ್ತಿದ್ದವು. ಸುಗ್ಗಿ ಹಬ್ಬವಾದ ಬೈಸಾಖಿಯ ದಿನ ಅದೇ ಗಂಡಸರು ಭಾಂಗ್ರಾ ಕುಣಿಯುತ್ತಿದ್ದರು. ಆಮೇಲೆ ಕೊಯ್ಲಿಗೆ ಯಂತ್ರ ಬಂತು. ಹೊಲಕ್ಕೆ ಕರೆಯುವವರಿಲ್ಲದೆ ಸಾದಿಕ್ ಲೂಧಿಯಾನದ ಕಾಲೇಜೊಂದರ ತಂಡಕ್ಕೆ ಸೇರಿದ. ಅಲ್ಲಿ ಕುಡುಗೋಲನ್ನೇ ಹಿಡಿಯದ ಹುಡುಗರು ಬಣ್ಣದ ಲುಂಗಿ ಉಟ್ಟು ವೇದಿಕೆಯ ಮೇಲೆ ಸುಗ್ಗಿಯ ಕುಣಿತ ಕುಣಿದರು. ಸಾದಿಕನಿಗೆ ಮೊದಮೊದಲು ನಗು ಬರುತ್ತಿತ್ತು. ಬರಬರುತ್ತಾ ಅವರ ಕಾಲುಗಳೂ ಪಳಗಿದವು.

ಅವನಿಗೆ ವಯಸ್ಸಾದ ಮೇಲೆ ನವ್‌ರೂಪ್ ಎಂಬ ವಿದ್ಯಾರ್ಥಿನಿ ಢೋಲು ಕಲಿಯಲು ಮನೆಗೆ ಬಂದಳು.

"ಇದು ಹೆಣ್ಣುಮಕ್ಕಳು ಹೊರೋ ವಾದ್ಯ ಅಲ್ಲ ಮಗಳೇ," ಎಂದ ಸಾದಿಕ್.

"ಹೊರೋಕೆ ಬರುತ್ತೆ ಬಾಬಾಜಿ. ಬಾರಿಸೋಕೆ ಬರಲ್ಲ. ಅದಕ್ಕೇ ಬಂದೆ."

ಸಾದಿಕ್ ನನ್ನನ್ನು ಗೂಟದಿಂದ ಇಳಿಸಿದ. ಅವಳ ಬೆರಳುಗಳಲ್ಲಿ ಗುಳ್ಳೆ ಎದ್ದವು, ಒಡೆದವು, ಗಟ್ಟಿಯಾದವು. ಅಷ್ಟರಲ್ಲಿ ಅವನ ಕೈ ನಡುಗತೊಡಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಒಂದು ಮದುವೆಗೆ ಅವನಿಗೆ ಕರೆ ಬಂತು. ದಿಬ್ಬಣ ಹೊರಡುವಾಗ ನನ್ನ ಪಟ್ಟಿಯನ್ನು ನವ್‌ರೂಪಳ ಕೊರಳಿಗೆ ಹಾಕಿದ. ವರನ ತಾತ ಗಜ್ಜನ್ ಸಿಂಗ್ ಅಡ್ಡ ನಿಂತರು.

"ನಿನ್ನ ಕೈ ನಂಬಿ ಕರೆಸಿದ್ದು ಸಾದಿಕ್. ಈ ಹುಡುಗಿ ಯಾಕೆ?"

ಸಾದಿಕ್ ಎಲ್ಲರೆದುರು ಎರಡೂ ಕೈ ಚಾಚಿದ. ಅವು ನಡುಗುತ್ತಿದ್ದವು.

"ನೋಡಿ ಸರ್ದಾರ್‌ಜಿ. ಇನ್ನು ನನ್ನಿಂದ ಆಗಲ್ಲ. ನನಗೆ ಬರೋದೆಲ್ಲ ಇವಳಿಗೆ ಕೊಟ್ಟಿದ್ದೀನಿ."

ಗಜ್ಜನ್ ಸಿಂಗ್ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ನವ್‌ರೂಪಳ ಮೊದಲ ಪೆಟ್ಟು ತಪ್ಪಿತು. ಆಮೇಲೆ ಕೈ ಕುದುರಿತು. ಎಲ್ಲರಿಗಿಂತ ಮೊದಲು ಕುಣಿದವರು ವರನ ಅಜ್ಜಿ. ಅವರ ಹಿಂದೆ ಇಡೀ ಬೀದಿ ಕುಣಿಯಿತು. ಗಜ್ಜನ್ ಸಿಂಗ್ ಮಾತ್ರ ಕುಣಿಯಲಿಲ್ಲ. ಕುರ್ಚಿ ತರಿಸಿ ಸಾದಿಕನನ್ನು ತಮ್ಮ ಪಕ್ಕ ಕೂರಿಸಿಕೊಂಡರು.

ಸಾದಿಕ್ ಈಗಿಲ್ಲ. ನಾನು ನವ್‌ರೂಪ್ ಪಾಠ ಹೇಳುವ ಕೋಣೆಯ ಮೂಲೆಯಲ್ಲಿದ್ದೇನೆ. ನನ್ನ ಒಡಲು ಬಿರುಕು ಬಿಟ್ಟಿದೆ, ಯಾರೂ ಬಾರಿಸುವುದಿಲ್ಲ. ಕಲಿಯಲು ಬಂದ ಹುಡುಗಿಯರು ಹೊಸ ಢೋಲುಗಳನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಅವರು ಬಾರಿಸಿದಾಗ ನನ್ನ ಹಳೆಯ ಚರ್ಮವೂ ಸಣ್ಣಗೆ ಅದುರುತ್ತದೆ. ಅದು ಅವರಿಗೆ ಕೇಳಿಸುವುದಿಲ್ಲ. ಕೇಳಿಸಬೇಕೆಂಬ ಆಸೆಯೂ ನನಗಿಲ್ಲ.