ಚಿಂದಿ ಹೊದ್ದ ಹಿತ್ತಲು

ಹೊಲಿಗೆ ಅಂಗಡಿಯ ಹಿಂದಿನ ಬಾಗಿಲು ತೆರೆದರೆ ಒಂದು ಹಿತ್ತಲು. ಹಿತ್ತಲೆಂದರೆ ಹೆಸರಿಗಷ್ಟೇ. ಹಿಂದೆ ಎಷ್ಟೋ ಕಾಲ ಸೈಕಲ್ಲು, ಡ್ರಮ್ಮು, ಮುರಿದ ಮಂಚಗಳ ಭಾರ ಹೊತ್ತು ಹೊತ್ತು ಆ ನೆಲ ರೊಟ್ಟಿ ಹಂಚಿನಂತೆ ಗಟ್ಟಿಯಾಗಿತ್ತು. ಬಿದ್ದ ಮಳೆಯ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಷ್ಟೂ ನೀರು ಇಳಿಜಾರು ಹಿಡಿದು ಬಂದು ಮಹಡಿ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿತ್ತು. ಮಹಡಿಯಲ್ಲಿದ್ದ ಮನೆ ಯಜಮಾನಿ ಒಮ್ಮೆ ಅಲ್ಲೇ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಬೀದಿಗೆಲ್ಲ ನರ್ಸಮ್ಮ.

"ಪೂರ್ತಿ ಸಿಮೆಂಟ್ ಹಾಕಿಸಿಬಿಡ್ತೀನಿ," ಎಂದು ನರ್ಸಮ್ಮ ತೀರ್ಪು ಕೊಟ್ಟಳು. "ಮೇಸ್ತ್ರಿ ಪಕ್ಕದ ಬೀದಿ ಮನೆ ಕೆಲಸ ಮುಗಿಸಿ ಬರ್ಲಿ."

ಅಂಗಡಿಯ ಹೊಲಿಗೆಯವಳಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಆದರೆ ಅವಳ ಅಣ್ಣನ ಮಗಳು ಪುಟ್ಟಿಗೆ ಎದೆ ಧಸಕ್ಕೆಂದಿತು. ಪುಟ್ಟಿ ಅತ್ತೆಯ ಜೊತೆಗೇ ಇದ್ದು ಹೊಲಿಗೆ ಕಲಿತವಳು. ಕೈ ಚುರುಕು, ತಲೆ ಮಾತ್ರ ಮೋಡದಲ್ಲಿ. ಅಜ್ಜಿಯ ಕಥೆ ಕೇಳಿ ಬೆಳೆದವಳಲ್ಲವೇ? ಅಜ್ಜಿಯ ಒಂದು ಕಥೆಯಲ್ಲಿ ಭೂಮಿ ಎಂಬುವಳು ಬಹಳ ನಾಚಿಕೆಯ ಮುದುಕಿ. ಮೈಮೇಲೆ ಎಲೆಯೋ ಹುಲ್ಲೋ ಇದ್ದರೆ ನಗುನಗುತ್ತ ಕೊಡುತ್ತಾಳೆ. ಬತ್ತಲೆ ಮಾಡಿದರೆ ಮುದುಡಿ ಕಲ್ಲಾಗುತ್ತಾಳೆ. ಹಿಂಬಾಗಿಲಲ್ಲಿ ಕೂತು ಗುಂಡಿ ಹೊಲಿಯುವಾಗಲೆಲ್ಲ ಪುಟ್ಟಿಗೆ ಆ ಮುದುಡಿದ ಮುದುಕಿ ಕಾಣುತ್ತಿದ್ದಳು. ಅವಳ ಮೇಲೆ ಸಿಮೆಂಟ್ ಸುರಿಯುವುದೆಂದರೆ?

ಚೀಲದ ಹಿಡಿಕೆ ಹೊಲಿಸಲು ಬಂದ ಸೊಪ್ಪಿನ ಹೆಂಗಸನ್ನು ಪುಟ್ಟಿ, ಈ ಗಟ್ಟಿ ನೆಲ ಮೆತ್ತಗಾಗುವುದು ಹೇಗೆಂದು ಕೇಳಿದಳು. ಆಕೆ ತನ್ನ ತುಂಡು ನೆಲವನ್ನು ಅಗೆಯದೆ, ಉಳದೆ, ಔಷಧಿ ಹೊಡೆಯದೆ ಸೊಪ್ಪು ತರಕಾರಿ ಬೆಳೆದು ಮಾರುವವಳು.

"ಗುದ್ದಲಿ ಮುಟ್ಬೇಡ," ಎಂದಳು ಆಕೆ. "ನೆಲದ ಮೇಲೆ ರಟ್ಟು ಹಾಸು. ಅದರ ಮೇಲೆ ಒಣಗಿದ ಎಲೆ, ತರಕಾರಿ ಸಿಪ್ಪೆ, ಕೊಳೆಯೋ ಅಂಥದ್ದು ಏನಿದ್ರೂ ಹೊದಿಸು. ಅಲ್ಲಲ್ಲಿ ತೂತು ಮಾಡಿ ಒಂದು ಮುಷ್ಟಿ ಒಳ್ಳೆ ಮಣ್ಣಿಟ್ಟು ಬೀಜ ಊರು. ಆಮೇಲೆ ಅಗೆಯೋ ಕೆಲಸ ಎರೆಹುಳದ್ದು. ಅವಕ್ಕೆ ಕೂಲಿ ಅಂದ್ರೆ ಊಟ ಮಾತ್ರ."

ಪುಟ್ಟಿ ಮಹಡಿ ಹತ್ತಿ ಹೋಗಿ ನರ್ಸಮ್ಮನ ಮುಂದೆ ನಿಂತಳು.

"ಮೇಸ್ತ್ರಿ ಬರೋವರೆಗೆ ಏನಾದ್ರೂ ಮಾಡ್ಕೋ," ಎಂದಳು ನರ್ಸಮ್ಮ. "ಆದ್ರೆ ನನ್ನ ಮೆಟ್ಟಿಲ ಹತ್ರ ನೀರು ನಿಂತ್ರೆ ಸಿಮೆಂಟೇ. ಅತ್ತು ಕರೆದು ಮಾಡೋ ಹಾಗಿಲ್ಲ."

ರಟ್ಟಿಗೇನು ಕೊರತೆ? ಬಟ್ಟೆ ಅಂಗಡಿಯವರು ಪೆಟ್ಟಿಗೆಗಳನ್ನು ಕೊಟ್ಟರು. ಎಲೆಯನ್ನು ಬೀದಿ ಗುಡಿಸುವವಳು ಚೀಲಗಟ್ಟಲೆ ತಂದು ಸುರಿದಳು. ಹೊದಿಕೆ ಸಾಲದೆ ಬಂದಾಗ ಪುಟ್ಟಿಯ ಕಣ್ಣು ಮೇಜಿನ ಕೆಳಗಿದ್ದ ಮೂಟೆಯ ಮೇಲೆ ಬಿತ್ತು. ಅಂಗಿ, ಪ್ಯಾಂಟು, ಪರದೆ ಕತ್ತರಿಸಿ ಉಳಿದ ಬಟ್ಟೆಚೂರುಗಳು. ಬಟ್ಟೆ ಅಂದ ಮೇಲೆ ಕೊಳೆಯಲೇಬೇಕಲ್ಲ.

"ಹಿತ್ತಲಿಗೆ ಅಂಗಿ ಹೊಲಿತಿದ್ದೀಯೇನೆ?" ಎಂದಳು ಅತ್ತೆ ಮಿಷಿನ್ನಿನಿಂದ ತಲೆಯೆತ್ತದೆ. "ಅಳತೆ ತಗೊಂಡ್ಯಾ? ಆಮೇಲೆ ತೋಳು ಬಿಗಿ ಅಂತ ವಾಪಸ್ ಬಂದೀತು."

ಅಂದವಳೇ ತಾನೂ ಒಂದು ತೆಕ್ಕೆ ಚೂರು ತಂದು ಹರಡಿದಳು. ಅವಳು ಹಾಗೆಯೇ, ಬಾಯಿ ಬೇಡವೆನ್ನುತ್ತಿತ್ತು, ಕೈ ಆಗಲೇ ಕೊಡುತ್ತಿತ್ತು.

ಮೆಟ್ಟಿಲ ಕಡೆಯ ಭಾಗಕ್ಕೆ ಪುಟ್ಟಿ ಅಂದದ ಚೂರುಗಳನ್ನೇ ಆರಿಸಿದಳು. ಕೋಟಿನ ಒಳಗಿಡುವ ನುಣ್ಣನೆಯ ಲೈನಿಂಗು, ಪರದೆಯ ಹೊಳೆಯುವ ನೀಲಿ, ಜರಿಯಂಥ ಹಸಿರು. ನರ್ಸಮ್ಮ ಮೇಲಿಂದ ಬಗ್ಗಿದರೆ ಕಣ್ಣು ತುಂಬಬೇಕು. ಮಾಸಿದ ಹತ್ತಿಯ ಚೂರುಗಳೆಲ್ಲ ಹಿಂದಿನ ಗೋಡೆಯ ಕಡೆಗೆ ಹೋದವು. ಅವುಗಳನ್ನು ನೋಡುವವರಾದರೂ ಯಾರು?

ಬೀನ್ಸು, ಟೊಮೇಟೊ, ಕುಂಬಳದ ಬೀಜ ಊರಿದ್ದಾಯಿತು. ಮೊಳಕೆಯೂ ಬಂತು. ಅಲ್ಲಿಂದ ಶುರುವಾಯಿತು ನೋಡಿ ಪಂಕ್ತಿಭೇದ. ಗೋಡೆ ಕಡೆಯ ಗಿಡಗಳು ಉಳ್ಳವರ ಮಕ್ಕಳಂತೆ ಮೈತುಂಬಿಕೊಂಡವು. ಮೆಟ್ಟಿಲ ಕಡೆಯವು ಹಳದಿಗಟ್ಟಿ, ಬೆಳಿಗ್ಗೆ ನಿಂತಿದ್ದರೆ ಮಧ್ಯಾಹ್ನಕ್ಕೆ ಕತ್ತು ಬಾಗಿಸುತ್ತಿದ್ದವು. ಪುಟ್ಟಿ ಹಿತ್ತಲ ಆಚೆ ತುದಿಯ ನಲ್ಲಿಯಿಂದ ಅವಕ್ಕೇ ಹೆಚ್ಚು ನೀರು ಹೊತ್ತಳು. ಹೊತ್ತಷ್ಟೂ ಸೊರಗಿದವು.

ಅತ್ತ ಪಕ್ಕದ ಬೀದಿಯಲ್ಲಿ ಮೇಸ್ತ್ರಿ ಕಟ್ಟುತ್ತಿದ್ದ ಮನೆ ಮಾತ್ರ ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಿತ್ತು. ಪುಟ್ಟಿ ದಾರಿ ಸುತ್ತಿಕೊಂಡು ಹೋಗಿ ನೋಡಿ ಬರುತ್ತಿದ್ದಳು. ಗೋಡೆ ಎದ್ದಿತು. ಕಿಟಕಿ ಕೂತಿತು. ತಾರಸಿಗೆ ಹಲಗೆ ಹೊಡೆಯುವ ಸದ್ದು ಅಂಗಡಿಗೇ ಕೇಳಿಸತೊಡಗಿತು.

ಹರಿದ ಪ್ಯಾಂಟಿನ ಜೇಬು ಹೊಲಿಸಲು ಬಂದ ಮೇಸ್ತ್ರಿ ಹಿತ್ತಲಿಗೆ ಇಣುಕಿ ನೋಡಿ ನಕ್ಕ. "ಇದೇನಮ್ಮಾ, ಒಗೆದ ಬಟ್ಟೆ ನೆಲದ ಮೇಲೇ ಒಣಹಾಕಿದ್ದೀರಿ?" ಮತ್ತೆ ಗಿಡ ನೋಡಿ ಮರುಗಿದ. "ಗೊಬ್ಬರದ ಅಂಗಡೀಲಿ ಬಿಳಿ ಹರಳು ಸಿಗುತ್ತೆ. ಒಂದು ಹಿಡಿ ಎರಚಿ. ನಾಳೆನೇ ಎದ್ದು ಕೂರ್ತವೆ."

ಅತ್ತೆ ಸಂಜೆಯೇ ಒಂದು ಪೊಟ್ಟಣ ತಂದಳು.

"ಅದು ಬೇಡ ಅತ್ತೆ."

"ಯಾಕೆ ಬೇಡ? ಜ್ವರ ಬಂದ್ರೆ ಮಾತ್ರೆ ನುಂಗಲ್ವಾ ನೀನು?"

"ಯಾವ ಕಾಯಿಲೆ ಅಂತ ಗೊತ್ತಿಲ್ದೆ ನುಂಗ್ತೀನಾ?"

"ಮೇಸ್ತ್ರಿ ಬಂದು ಅಗೆದು ಹಾಕಿದ ಮೇಲೆ ಕಾಯಿಲೆ ಹುಡುಕ್ತಾ ಕೂತ್ಕೋ." ಅತ್ತೆ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದಳು.

ಮಾರನೆಯ ದಿನ ಒಂದು ಸಣ್ಣ ಮಳೆ ಬಂತು. ಅಷ್ಟಕ್ಕೇ ಮೆಟ್ಟಿಲ ಬುಡದಲ್ಲಿ ನೀರು ನಿಂತಿತು, ಹಿಂದೆ ನಿಲ್ಲುತ್ತಿದ್ದುದಕ್ಕಿಂತ ಅಗಲವಾಗಿ. ನರ್ಸಮ್ಮ ಮೇಲಿನ ಮೆಟ್ಟಿಲಿನಿಂದಲೇ ನೋಡಿದಳು. ಬೈಯಲಿಲ್ಲ. "ಮೇಸ್ತ್ರಿಗೆ ಹೇಳಿ ಕಳಿಸ್ತೀನಿ ಕಣಮ್ಮಾ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಪುಟ್ಟಿಗೆ.

ಅಂಗಡಿಯಲ್ಲಿ ಒಬ್ಬ ಗಿರಾಕಿ ಬಟ್ಟೆ ಹಿಡಿದು ಕೂತಿದ್ದ. "ಅಪ್ಪಟ ಹತ್ತಿ ಅಂತ ಹೇಳಿ ಕೊಟ್ರು. ನಂಬಬಹುದಾ?"

"ನಂಬೋದ್ಯಾಕೆ, ಬಟ್ಟೆನೇ ಕೇಳಿದ್ರಾಯ್ತು," ಎಂದು ಅತ್ತೆ ಅಂಚಿನಿಂದ ಒಂದು ಎಳೆ ಕಿತ್ತು ಮೋಂಬತ್ತಿಗೆ ಹಿಡಿದಳು. ಹೊಲಿಗೆಯವರಿಗೆ ಇದು ದಿನನಿತ್ಯದ ಪರೀಕ್ಷೆ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಹಗುರ ಬೂದಿ ಉದುರುತ್ತದೆ. ಈ ಎಳೆ ಹಾಗೆ ಉರಿಯಲಿಲ್ಲ. ಮುದುಡಿತು, ಕರಗಿತು, ತುದಿಯಲ್ಲಿ ಕರಿಯ ಮಣಿಯಾಗಿ ನಿಂತಿತು. "ಹತ್ತಿ ಇದರ ಬೀದಿಗೂ ಬಂದಿಲ್ಲ ಸ್ವಾಮಿ. ಇದು ಪ್ಲಾಸ್ಟಿಕ್ಕಿನ ತಂಗಿ. ಬೆವರು ಕುಡಿಯಲ್ಲ, ನೀರು ಹೀರಲ್ಲ."

ಪುಟ್ಟಿಯ ಕಾಲು ಮಿಷಿನ್ನಿನ ಪೆಡಲ್ ಮೇಲೆ ಹಾಗೇ ನಿಂತಿತು. ಹೊಲಿಯುತ್ತಿದ್ದ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು ಅವಳು ಹಿತ್ತಲಿಗೆ ಓಡಿದಳು.

ಮೆಟ್ಟಿಲ ಕಡೆಯ ಹೊಳೆಯುವ ನೀಲಿ ಚೂರನ್ನು ಎತ್ತಿದಳು. ಈಗಷ್ಟೇ ಮಳೆ ಬಂದಿದೆ. ಕೆಳಗಿನ ರಟ್ಟು ಹಾಸಿದ ದಿನದಂತೆ ಒಣಗಿದೆ. ಇನ್ನೊಂದು ಚೂರು ಎತ್ತಿದಳು, ಮತ್ತೊಂದು. ಒಂದರ ಮೇಲೊಂದು ಕೂತ ನುಣ್ಣನೆಯ ಚೂರುಗಳೆಲ್ಲ ಸೇರಿ ಕೊಡೆ ಹಿಡಿದಿದ್ದವು. ಹಾಕಿದ ನೀರೂ ಬಿದ್ದ ಮಳೆಯೂ ಜಾರಿ ಜಾರಿ ನೇರ ಮೆಟ್ಟಿಲ ಬುಡಕ್ಕೆ ಹೋಗಿತ್ತು. ಗೋಡೆಯ ಕಡೆಗೆ ಹೋಗಿ ಮಾಸಿದ ಹತ್ತಿಚೂರೊಂದನ್ನು ಎಳೆದಳು. ಅದು ಇಡಿಯಾಗಿ ಬರಲೇ ಇಲ್ಲ. ತೂತು ತೂತಾಗಿ, ಕೈಯಲ್ಲೇ ಹರಿದು ಬಂತು. ರಟ್ಟು ಕಾಣೆಯಾಗಿತ್ತು. ಅಡಿಯಲ್ಲಿ ಕಪ್ಪು ಮಣ್ಣು, ಬೆರಳಿಟ್ಟರೆ ಬುಡದವರೆಗೆ ಇಳಿಯಿತು. ಬೆಳಕಿಗೆ ಬೆಚ್ಚಿದ ಎರೆಹುಳವೊಂದು ಮೈ ಎಳೆದುಕೊಂಡು ಒಳಗೆ ನುಸುಳಿತು.

"ಅತ್ತೆ, ಮೋಂಬತ್ತಿ ತಗೊಂಡು ಬಾ," ಎಂದು ಕೂಗಿದಳು ಪುಟ್ಟಿ.

ಅತ್ತೆ ಬಂದು ನೋಡಿದಳು. ಆಮೇಲೆ ಸೀರೆ ಸಿಕ್ಕಿಸಿಕೊಂಡು ನೆಲದ ಮೇಲೇ ಕೂತಳು. "ಅಲ್ವೇ, ಗಿರಾಕಿಗೆ ಲೈನಿಂಗ್ ಕೊಟ್ಟು ಹತ್ತಿ ಅಂತ ಹೇಳಿದ್ರೆ ಅಂಗಡಿಗೆ ಬೆಂಕಿ ಹಚ್ತಾರೆ. ಈ ಮಣ್ಣು ಪಾಪದ್ದು ಅಂತ ಇಬ್ಬರೂ ಸೇರಿ ಮೋಸ ಮಾಡಿದ್ವಲ್ಲ."

ಅನುಮಾನ ಬಂದ ಚೂರಿನ ಎಳೆ ಕಿತ್ತು ಸುಡುವುದು, ಮೂಗಿಗೆ ಹಿಡಿಯುವುದು, ಮಣಿಯಾದದ್ದನ್ನು ಮೂಟೆಗೆ ಎಸೆಯುವುದು. ಹತ್ತಿ ಮಾತ್ರ ನೆಲಕ್ಕೆ. "ಇದು ಆ ಕೋಟಿನವನದ್ದು, ಇದು ಪರದೆಯವಳದ್ದು," ಎಂದು ಅತ್ತೆ ಪ್ರತಿ ಚೂರಿನ ಜಾತಕ ಹೇಳುತ್ತಿದ್ದಳು. ಪುಟ್ಟಿ ಗೋಡೆ ಕಡೆಯಿಂದ ಹುಳುಗಳ ಸಮೇತ ಬುಟ್ಟಿ ಬುಟ್ಟಿ ಹೊದಿಕೆ ಹೊತ್ತು ತಂದು ಮೆಟ್ಟಿಲ ಕಡೆ ಹರಡಿ, ನೀರು ಚಿಮುಕಿಸಿ, ಮೇಲೆ ದಪ್ಪಗೆ ಎಲೆ ಹೊದಿಸಿದಳು. ಕಿಟಕಿಯ ಪೊಟ್ಟಣವನ್ನು ಅತ್ತೆ ತಾನಾಗಿಯೇ ಗೊಬ್ಬರದ ಅಂಗಡಿಗೆ ಹಿಂದಿರುಗಿಸಿ ಬಂದಳು.

ಎಲ್ಲ ಸರಿಹೋಗಲು ಕಾಲ ಬೇಕಿತ್ತು. ಅದನ್ನು ಕೊಟ್ಟವನು ಮೇಸ್ತ್ರಿಯೇ. ಕರೆ ಕಳಿಸಿದ ನರ್ಸಮ್ಮನಿಗೆ ಅವನು ಕೈಯಲ್ಲಾಡಿಸಿಬಿಟ್ಟ. "ತಾರಸಿ ಈಗ ಹಾಕಿದ್ದೀನಮ್ಮಾ. ದಿನಾ ನೀರು ಕುಡಿಸಬೇಕು. ಅವಸರ ಮಾಡಿ ಬಿಟ್ಟು ಬಂದ್ರೆ ಬಿರುಕು ಬಿಟ್ಟು ನನ್ನ ಮಾನ ತೆಗೆಯುತ್ತೆ."

"ಕೇಳಿದ್ಯಾ?" ಎಂದಳು ಅತ್ತೆ. "ಸಿಮೆಂಟಿಗೂ ಬಾಯಾರಿಕೆಯಂತೆ."

ತಾರಸಿ ಅಲ್ಲಿ ನೀರು ಕುಡಿಯುತ್ತಿದ್ದ ವಾರಗಳಲ್ಲಿ ಇಲ್ಲಿ ಮಣ್ಣೂ ಕುಡಿಯಿತು. ಸೊರಗಿದ ಬೀನ್ಸಿನಲ್ಲಿ ಕೆಲವು ಹೋದವು. ಉಳಿದವು ಹೊಸ ಚಿಗುರು ಬಿಟ್ಟವು. ಕುಂಬಳದ ಬಳ್ಳಿ ಗೋಡೆ ಕಡೆಯಿಂದ ಹೊರಟು, ಯಾರ ಅಪ್ಪಣೆಯನ್ನೂ ಕೇಳದೆ ಹಿತ್ತಲ ನಡುವಿಗೆ ಬಂದು ಕಾಲು ಚಾಚಿತು.

ಕೊನೆಗೆ ಮೇಸ್ತ್ರಿ ಹುರಿಯುಂಡೆ, ಸಲಿಕೆ ಹಿಡಿದು ಬಂದ ದಿನವೇ ಆಕಾಶ ಬಾಯಿ ತೆರೆಯಿತು. ಒದ್ದೆಯಾಗಿ ಅಂಗಡಿಗೆ ನುಗ್ಗಿದವನಿಗೆ ಅತ್ತೆ ಚಹಾ ಕೊಟ್ಟಳು. ಮೂವರೂ ಹಿಂಬಾಗಿಲಲ್ಲಿ ನಿಂತರು. ಮೇಲಿನ ಮೆಟ್ಟಿಲಲ್ಲಿ ಕೊಡೆ ಹಿಡಿದು ನರ್ಸಮ್ಮ ನಿಂತಳು. ಪುಟ್ಟಿ ಬಾಗಿಲ ಚಿಲಕವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ನೀರು ಬಂತು. ಎಲೆಗಳ ಮೇಲೆ ಸುರಿಯಿತು, ಹೊದಿಕೆಯೊಳಗೆ ಇಳಿಯಿತು. ಅಲ್ಲಲ್ಲಿ ನಿಲ್ಲುವಂತೆ ಕಂಡು, ಗುಳ್ಳೆ ಬಿಟ್ಟು, ಒಳಗೆ ಹೋಯಿತು. ಮಳೆ ತಗ್ಗುವ ಹೊತ್ತಿಗೆ ಮೆಟ್ಟಿಲ ಬುಡದ ಕಲ್ಲಿನ ಮೇಲೆ ಒಂದು ಬೊಗಸೆಯಷ್ಟು ನೀರು ಉಳಿದಿತ್ತು. ಕಲ್ಲು ಕುಡಿಯುವುದಿಲ್ಲವಲ್ಲ.

ನರ್ಸಮ್ಮ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಲ್ಲಿ ಕೂತು, ಊದಿದ ಕಾಲನ್ನು ಒತ್ತಿ ನೋಡುವಂತೆ ಎಲೆ ಸರಿಸಿ ಮಣ್ಣನ್ನು ಬೆರಳಿನಿಂದ ಒತ್ತಿದಳು. ಬೆರಳು ಇಳಿಯಿತು. ಇನ್ನೊಂದು ಕಡೆ ಒತ್ತಿದಳು. ಅಲ್ಲಿ ಸ್ವಲ್ಪ ಗಟ್ಟಿಯಿತ್ತು.

"ಇಲ್ಲಿ ಇನ್ನೂ ವಾಸಿಯಾಗಿಲ್ಲ," ಎಂದಳು.

"ಆಗುತ್ತೆ ನರ್ಸಮ್ಮ," ಎಂದಳು ಪುಟ್ಟಿ.

"ಆಗುತ್ತೆ ಅಂತ ಕಾಣುತ್ತೆ." ನರ್ಸಮ್ಮ ಮೇಸ್ತ್ರಿಯ ಕಡೆ ತಿರುಗಿದಳು. "ಪೂರ್ತಿ ಬೇಡಪ್ಪಾ. ಮೆಟ್ಟಿಲಿಂದ ನಲ್ಲಿವರೆಗೆ ನನ್ನ ಕಾಲು ಜಾರದಷ್ಟು ಒಂದು ದಾರಿ ಮಾಡಿಕೊಡು. ಉಳಿದದ್ದು ಇವರ ಹುಳುಗಳಿಗೆ ಬಿಡು."

ಮೇಸ್ತ್ರಿ ಹುರಿಯ ಒಂದು ತುದಿಯನ್ನು ಪುಟ್ಟಿಯ ಕೈಗೆ ಕೊಟ್ಟು ಇನ್ನೊಂದನ್ನು ನಲ್ಲಿಗೆ ಎಳೆದ. ಹುರಿ ಸರಿಯಾಗಿ ಕುಂಬಳದ ಬಳ್ಳಿಯ ಮೇಲೇ ಹಾದುಹೋಯಿತು. ಬಳ್ಳಿಯ ತುದಿಯಲ್ಲಿ ಹಳದಿ ಹೂವೊಂದು ಆಗತಾನೇ ಬಾಯಿಬಿಟ್ಟಿತ್ತು. ಪುಟ್ಟಿ ಹುರಿ ಹಿಡಿದ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಏನಮ್ಮಾ, ದಾರಿ ಸೊಟ್ಟ ಆಗಲ್ವಾ?" ಎಂದ ಮೇಸ್ತ್ರಿ.

"ಬಳಸಿಕೊಂಡೇ ಹೋಗ್ಲಿ ಬಿಡಯ್ಯಾ," ಎಂದಳು ಮೆಟ್ಟಿಲ ಮೇಲೆ ಕೂತ ನರ್ಸಮ್ಮ. "ನಾನೇನು ರೈಲು ಹಿಡಿಯೋದಿದೆಯಾ?"